ಬರಿಗಾಲ ಕಾಲದ ಎರಡು ಗೋಲು

ಮಳೆ ಹಿಡಿದರೆ ಕೊಡಗಿನಲ್ಲಿ ಕೆಸರುಗದ್ದೆ ಕ್ರೀಡಾಕೂಟಗಳ ಹುಮ್ಮಸ್ಸು. ಗದ್ದೆಗಿಳಿಯುವವರು ಬೂಟನ್ನು ಏರಿಯ ಮೇಲೇ ಬಿಟ್ಟು ಬರುತ್ತಾರೆ. ಆ ಕೆಸರಿನಲ್ಲಿ ನಿಲ್ಲಲು, ಓಡಲು ಕಾಲ್ಬೆರಳ ಹಿಡಿತವೇ ಆಧಾರ. ಪಾಲಿಬೆಟ್ಟದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಒಲಿಂಪಿಕ್ಸ್‌ ಫುಟ್‌ಬಾಲ್ ಅಂಗಳಕ್ಕೂ ಭಾರತ ಒಮ್ಮೆ ಬರಿಗಾಲಲ್ಲೇ ಇಳಿದಿತ್ತು.

ಅದು 1948ರ ಜುಲೈ 31. ಲಂಡನ್ ಅಂಚಿನ ಇಲ್ಫರ್ಡ್‌ನಲ್ಲಿ ಎದುರಾಳಿ ಫ್ರಾನ್ಸ್. ನಾಗಾ ಬೆಟ್ಟಗಳ ಡಾ. ಟಿ. ಆವ್ ನಾಯಕರು. ತಂಡದ ಹೆಚ್ಚಿನವರ ಕಾಲಲ್ಲಿ ಬೂಟಿಲ್ಲ. ಕೆಲವರಿಗೆ ಸಾಕ್ಸ್ ಮಾತ್ರ. ಫ್ರಾನ್ಸ್ ಮೊದಲ ಗೋಲು ಹೊಡೆಯಿತು. ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕವು, ಎರಡೂ ಕೈತಪ್ಪಿದವು. ಎಪ್ಪತ್ತನೆಯ ನಿಮಿಷದಲ್ಲಿ ಚೆಂಡನ್ನು ಬಲೆಗೆ ಸೇರಿಸಿದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಅದೇ ಮೊದಲ ಗೋಲು. ಇನ್ನೇನು ಪಂದ್ಯ ಮುಗಿಯಿತು ಎನ್ನುವಾಗ ಫ್ರಾನ್ಸ್ ಮತ್ತೊಂದು ಹೊಡೆದು 2–1ರಿಂದ ಗೆದ್ದಿತು.

ಸೋತ ಪಂದ್ಯ, ನೆನಪಿಡುವವರು ಕಡಿಮೆ. ಎರಡು ವಾರ ಕಳೆಯುವುದರೊಳಗೆ, ಆಗಸ್ಟ್ 12ರಂದು, ವೆಂಬ್ಲಿಯಲ್ಲಿ ನಮ್ಮ ಹಾಕಿ ತಂಡ ಬ್ರಿಟನ್ನನ್ನು 4–0ರಿಂದ ಬಗ್ಗುಬಡಿದು ಚಿನ್ನ ತಂದಿತು. ಹಾಕಿಯನ್ನೇ ಉಸಿರಾಡುವ ಕೊಡಗಿಗೆ ಆ ಒಲಿಂಪಿಕ್ಸ್ ಎಂದರೆ ಹಾಕಿಯೇ.

ರಾಮನ್ ಗೋಲು ಆಕಾಶದಿಂದ ಉದುರಿದ್ದಲ್ಲ. ದಂಡಿನ ಬ್ರಿಟಿಷ್ ಪಡೆಗಳ ಆಟ ನೋಡಿ ಬೆಂಗಳೂರಿನ ಹುಡುಗರೂ ಚೆಂಡಿನ ಹಿಂದೆ ಬಿದ್ದಿದ್ದರು. ಗೋರಾ ಪಡೆಗಳೇ ಮೆರೆಯುತ್ತಿದ್ದ ಮುಂಬೈನ ರೋವರ್ಸ್ ಕಪ್ಪನ್ನು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಗೆದ್ದುಕೊಂಡಿತು. ಅದನ್ನು ಎತ್ತಿದ ಮೊದಲ ಭಾರತೀಯ ತಂಡ ಅದು. 1946–47ರಲ್ಲಿ ಮೈಸೂರು ತಂಡ ಬಂಗಾಳವನ್ನೇ ಮಣಿಸಿ ಸಂತೋಷ್ ಟ್ರೋಫಿ ಗೆದ್ದಿತು.

ಇದೇ ನೆಲದ ಮತ್ತೊಬ್ಬ ಆಟಗಾರ ಅಹಮದ್ ಖಾನ್. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ, ‘ಪಂಚಪಾಂಡವರು’ ಎಂದು ಹೆಸರಾದ ಮುಂಚೂಣಿ ಐವರಲ್ಲಿ ಒಬ್ಬರಾದರು. ಚೆಂಡನ್ನು ಆಡಿಸುವ ಅವರ ಚಳಕ ಕಂಡವರು ‘ಹಾವಾಡಿಗ’ ಎಂದು ಕರೆದರು. ಇಲ್ಫರ್ಡ್‌ನಲ್ಲೂ ಆಡಿದ್ದ ಅವರು 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದ ಚಿನ್ನದಲ್ಲೂ ಪಾಲುದಾರರು.

ಮರುವರ್ಷ ಹೆಲ್ಸಿಂಕಿ. ಚಳಿ ನಾಡು, ಎದುರಿಗೆ ಬಲಿಷ್ಠ ಯುಗೊಸ್ಲಾವಿಯ, ನಮ್ಮಲ್ಲಿ ಹಲವರದು ಮತ್ತೆ ಬರಿಗಾಲು. ಫಲಿತಾಂಶ 10–1. ಆ ಒಂದು ಗೋಲು ಅಹಮದ್ ಅವರದು. ಹೀಗೆ ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲೆರಡು ಫುಟ್‌ಬಾಲ್ ಗೋಲುಗಳೂ ಬೆಂಗಳೂರಿಗರ ಲೆಕ್ಕಕ್ಕೇ ಸೇರಿದವು.

ಆ ಸೋಲಿನ ಬಳಿಕ ಫುಟ್‌ಬಾಲ್ ಒಕ್ಕೂಟ ಬೂಟು ಕಡ್ಡಾಯ ಮಾಡಿತು. 1956ರಲ್ಲಿ ಮೆಲ್ಬರ್ನ್‌ಗೆ ಹೋದ ತಂಡ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ ನಾಲ್ಕನೆಯ ಸ್ಥಾನದವರೆಗೆ ಏರಿತು. ಅಷ್ಟು ಹೊತ್ತಿಗೆ ರಾಮನ್, ಅಹಮದ್ ಇಬ್ಬರೂ ತಂಡದಲ್ಲಿರಲಿಲ್ಲ. ಬೆಂಗಳೂರಿನಿಂದ ಹೋದ ಕೆಂಪಯ್ಯ ಹಾಫ್‌ಬ್ಯಾಕ್ ಸಾಲಿನಲ್ಲಿದ್ದರು, ಕಾಲಿಗೆ ಬೂಟು ಬಿಗಿದುಕೊಂಡು.