ಸುದ್ದಿ ತಲುಪದಾಗ ಮಾಡುವುದೇನು?

ಮೌನವು ಸಮ್ಮತಿಯ ಲಕ್ಷಣವೆಂಬುದು ಲೋಕರೂಢಿಯ ಮಾತು. ಮನುಷ್ಯರ ನಡುವೆ ಈ ಮಾತು ನಿಜವಾಗುವುದೂ ಉಂಟು, ಸುಳ್ಳಾಗುವುದೂ ಉಂಟು. ಆದರೆ ಯಂತ್ರಗಳನ್ನು ದೂರದಿಂದ ನಡೆಸುವವರು ಇದನ್ನು ನಂಬಿ ಕುಳಿತರೆ ನಾಡಿಗೆ ನಾಡೇ ಕತ್ತಲಾದೀತು. ಹಾಗೆ ಆದದ್ದೂ ಇದೆ.

ವಿದ್ಯುಜ್ಜಾಲ, ಕಾರ್ಖಾನೆ, ಬಾಹ್ಯಾಕಾಶ ನೌಕೆ, ಇವುಗಳನ್ನು ನಡೆಸುವ ಕೈ ಇಂದು ಒಂದೆಡೆ ಇದ್ದರೆ ನಡೆಯುವ ಯಂತ್ರ ಇನ್ನೊಂದೆಡೆ ಇರುತ್ತದೆ. ಯಂತ್ರದ ಸ್ಥಿತಿ ಇತ್ತ ತಿಳಿಯಬೇಕು. ಆಜ್ಞೆ ಅತ್ತ ಮುಟ್ಟಬೇಕು. ಈ ಸುದ್ದಿಗಳನ್ನು ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಕಟ್ಟಿ ತಂತಿಯಲ್ಲೋ ಗಾಳಿಯಲ್ಲೋ ಕಳುಹಿಸುತ್ತಾರೆ. ಅವುಗಳಲ್ಲಿ ಕೆಲವು ತಡವಾಗುತ್ತವೆ; ಕೆಲವು ದಾರಿಯಲ್ಲೇ ಕಳೆದುಹೋಗುತ್ತವೆ. ನೆಚ್ಚಲಾಗದ ಈ ದಾರಿಯನ್ನೇ ನೆಚ್ಚಿಕೊಂಡು ಯಂತ್ರವನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದು ಹೇಗೆ?

ಅಂಗೈಯ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸುವ ಮಕ್ಕಳ ಆಟವನ್ನು ನೆನೆಯೋಣ. ಕಣ್ಣು ಕೋಲಿನ ವಾಲುವಿಕೆಯನ್ನು ತಿಳಿಸುತ್ತದೆ. ಕೈ ಅದಕ್ಕೆ ತಕ್ಕಂತೆ ಸರಿಯುತ್ತದೆ. ನಡುವೆ ಆಗಾಗ ಕಣ್ಣು ಮುಚ್ಚಿಕೊಂಡರೆ? ಉದ್ದವಾದ ಬಿದಿರ ಗಳುವಾದರೆ ಅದು ನಿಧಾನವಾಗಿ ವಾಲುವುದರಿಂದ ನಿಭಾಯಿಸಬಹುದು. ಪೆನ್ಸಿಲಾದರೆ ಕಣ್ಣು ತೆರೆಯುವಷ್ಟರಲ್ಲಿ ಬಿದ್ದಿರುತ್ತದೆ. ಎಷ್ಟು ಹೊತ್ತು ಕುರುಡಾಗಿರಬಹುದೆಂಬುದು ಕಣ್ಣನ್ನು ಮಾತ್ರವಲ್ಲ, ಕೋಲನ್ನೂ ಅವಲಂಬಿಸಿದೆ.

ಕಣ್ಣು ಮುಚ್ಚಿರುವಾಗಲೂ ಕೈ ಸುಮ್ಮನಿರುವುದಿಲ್ಲ. ಕೊನೆಯ ಸಲ ಕಂಡದ್ದರಿಂದ, ಈಗ ಕೋಲು ಎಲ್ಲಿರಬಹುದೆಂದು ಊಹಿಸಿ ನಡೆಯುತ್ತದೆ. ಹೀಗೆ ಊಹೆಯನ್ನೂ ಅಳತೆಯನ್ನೂ ಬೆರೆಸಿ ಉತ್ತಮ ಅಂದಾಜು ಪಡೆಯುವ ಗಣಿತವನ್ನು ರುಡಾಲ್ಫ್ ಕಾಲ್ಮನ್ 1960ರಲ್ಲಿ ರೂಪಿಸಿದರು. ಅಳತೆಯ ಸುದ್ದಿಯೇ ಆಗಾಗ ಕಳೆದುಹೋದರೆ ಏನಾಗುವುದೆಂಬುದನ್ನು 2004ರಲ್ಲಿ ಬ್ರೂನೊ ಸಿನೊಪೊಲಿ ಮತ್ತು ಅವರ ಸಹೋದ್ಯೋಗಿಗಳು ಲೆಕ್ಕಹಾಕಿದರು. ಅವರ ಫಲಿತಾಂಶದ ತಿರುಳು ಸರಳವಾದದ್ದು. ಹಿಡಿತ ತಪ್ಪಿದೊಡನೆ ಪ್ರತಿ ಹೆಜ್ಜೆಗೂ ತಪ್ಪು ಇಮ್ಮಡಿಯಾಗುವ ಒಂದು ಯಂತ್ರವಿದೆಯೆನ್ನಿ. ತಪ್ಪನ್ನು ಅದರ ವರ್ಗದಿಂದ ಅಳೆಯುವುದು ಇಲ್ಲಿನ ಪದ್ಧತಿ; ಎರಡರ ವರ್ಗ ನಾಲ್ಕು. ಆದ್ದರಿಂದ ನಾಲ್ಕು ಸಂದೇಶಗಳಲ್ಲಿ ಸರಾಸರಿ ಒಂದಕ್ಕಿಂತ ಕಡಿಮೆ ಕಳೆದುಹೋದರೆ ಮಾತ್ರ ತಪ್ಪು ಮಿತಿಯಲ್ಲಿರುತ್ತದೆ. ನಷ್ಟ ಅದನ್ನು ಮೀರಿದರೆ ಸರಾಸರಿ ತಪ್ಪು ಎಲ್ಲೆಯಿಲ್ಲದೆ ಬೆಳೆಯುತ್ತದೆ. ಹೆಜ್ಜೆಗೆ ಹತ್ತರಲ್ಲೊಂದು ಪಾಲಷ್ಟೇ ಬೆಳೆಯುವ ತಪ್ಪಾದರೆ, ನೂರಕ್ಕೆ ಎಂಬತ್ತು ಸಂದೇಶಗಳು ಕಳೆದರೂ ನಡೆದೀತು. ಒಂದು ಸಂದೇಶದ ನಷ್ಟಕ್ಕೂ ಇನ್ನೊಂದರ ನಷ್ಟಕ್ಕೂ ಸಂಬಂಧವಿಲ್ಲದಿದ್ದಾಗ ಈ ಲೆಕ್ಕ ಸರಿ. ದಾರಿ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ, ಯಾವ ಕೆಲಸಕ್ಕೆ ಎಂದು ಕೇಳದೆ ಉತ್ತರವಿಲ್ಲವೆಂದು ಇದರಿಂದ ತಿಳಿಯುತ್ತದೆ.

ಆಜ್ಞೆಯೂ ಕಳೆದುಹೋಗಬಹುದಷ್ಟೆ. ಆಗ ತೊಡಕು ಹೆಚ್ಚು. ಮುಟ್ಟಿತೆಂಬ ರಸೀದಿ ಬಂದರೆ ಮುಂದಿನ ಹೆಜ್ಜೆಯನ್ನು ಯೋಚಿಸಬಹುದು. ಬಾರದಿದ್ದರೆ? ಆಜ್ಞೆಯೇ ಮುಟ್ಟಲಿಲ್ಲವೋ, ಆಜ್ಞೆ ಮುಟ್ಟಿ ರಸೀದಿ ಕಳೆಯಿತೋ ಗೊತ್ತಾಗದು. ರಸೀದಿಗೆ ರಸೀದಿ, ಅದಕ್ಕೊಂದು ರಸೀದಿ ಎಂದು ಎಷ್ಟು ಬೆಳೆಸಿದರೂ ಎರಡೂ ಕಡೆಯವರಿಗೆ ಪೂರ್ಣ ನಿಶ್ಚಯ ಒದಗುವುದಿಲ್ಲವೆಂದು ತರ್ಕವೇ ಹೇಳುತ್ತದೆ.

ಆದರೆ ಮೌನ ಯಾವಾಗಲೂ ಬರಿಯ ಕೊರತೆಯಲ್ಲ. ಕೆಲವೊಮ್ಮೆ ಅದೇ ಸುದ್ದಿ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ಸುಮಾರು 400 ಗಜಗಳಷ್ಟೇ ದೂರದ ಎರಡು ಸಂಸ್ಥೆಗಳ ನಡುವೆ ಸೆಕೆಂಡಿಗೆ 32,000 ಬಿಟ್‌ಗಳಷ್ಟು ಹರಿಯುತ್ತಿದ್ದ ಗಣಕಯಂತ್ರಗಳ ಸಂಭಾಷಣೆ 40 ಬಿಟ್‌ಗಳಿಗೆ ಇಳಿದುಹೋಯಿತು. ದಟ್ಟಣೆಯಲ್ಲಿ ಪೊಟ್ಟಣಗಳು ಬಿದ್ದುಹೋದವು. ಕಳುಹಿಸಿದವರು ಮತ್ತೆ ಮತ್ತೆ ಕಳುಹಿಸಿ ದಟ್ಟಣೆಯನ್ನು ಹೆಚ್ಚಿಸಿದರು. ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರ ಸಂಯಮದ ಪಾಠದಂತಿದೆ: ರಸೀದಿಗಳು ಬರುತ್ತಿರುವವರೆಗೆ ವೇಗವನ್ನು ಮೆಲ್ಲನೆ ಏರಿಸು, ಒಂದು ಕಳೆಯಿತೆಂದರೆ ಥಟ್ಟನೆ ತಗ್ಗಿಸು. ಯಾರೂ ಯಾರಿಗೂ ಅಪ್ಪಣೆ ಕೊಡುವುದಿಲ್ಲ. ಜಾಲವನ್ನೆಲ್ಲ ನೋಡುವ ಯಜಮಾನನೂ ಇಲ್ಲ. ಇಂಥ ಬಿಡಿ ಬಿಡಿ ಸಂಯಮಗಳನ್ನು ತಕ್ಕಂತೆ ರೂಪಿಸಿದರೆ ಇಡೀ ಜಾಲದ ಸಾಮರ್ಥ್ಯ ನ್ಯಾಯವಾಗಿ ಹಂಚಿಕೆಯಾಗಬಲ್ಲದೆಂದು ಕೇಂಬ್ರಿಜ್‌ನ ಫ್ರಾಂಕ್ ಕೆಲ್ಲಿ ಮತ್ತು ಅವರ ಸಂಗಡಿಗರು 1998ರಲ್ಲಿ ಗಣಿತದಿಂದ ತೋರಿಸಿದರು. ಆದರೂ ಒಂದು ಎಚ್ಚರಿಕೆ ಬೇಕು. ರೇಡಿಯೋ ದಾರಿಯಲ್ಲಿ ಪೊಟ್ಟಣ ಕಳೆಯುವುದು ದಟ್ಟಣೆಯಿಂದಲೇ ಅಲ್ಲ, ಅಲೆ ಕುಗ್ಗಿದ್ದರಿಂದಲೂ ಆಗಬಹುದು. ಅಲ್ಲಿ ವೇಗ ತಗ್ಗಿಸುವುದು ಮೌನವನ್ನು ತಪ್ಪಾಗಿ ಓದಿದಂತೆ.

ಮೌನವನ್ನು ತಪ್ಪಾಗಿ ಓದಿದ ಬೆಲೆ ಎಷ್ಟೆಂಬುದನ್ನು 2003ರ ಆಗಸ್ಟ್ 14 ತೋರಿಸಿತು. ಅಮೆರಿಕದ ಒಹಾಯೊ ಪ್ರಾಂತದ ವಿದ್ಯುತ್ ನಿಯಂತ್ರಣ ಕೊಠಡಿಯೊಂದರಲ್ಲಿ ಮಧ್ಯಾಹ್ನ ಎರಡು ಗಂಟೆಯ ಬಳಿಕ ಎಚ್ಚರಿಕೆ ನೀಡುವ ಗಣಕವ್ಯವಸ್ಥೆ ಸದ್ದಿಲ್ಲದೆ ನಿಂತುಹೋಯಿತು. ಅದು ನಿಂತಿದೆಯೆಂದು ಎಚ್ಚರಿಸುವ ವ್ಯವಸ್ಥೆ ಇರಲಿಲ್ಲ. ಹೊರಗೆ ಹೈಟೆನ್ಷನ್ ತಂತಿಗಳು ಮರಗಳಿಗೆ ತಾಗಿ ಒಂದೊಂದಾಗಿ ಕಡಿತಗೊಳ್ಳುತ್ತಿದ್ದವು. ಒಳಗೆ ಗಂಟೆ ಬಾರಿಸಲಿಲ್ಲವಾದ್ದರಿಂದ ಎಲ್ಲವೂ ಕ್ಷೇಮವೆಂದು ಭಾವಿಸಿದರು. ಸುಮಾರು ಎರಡು ಗಂಟೆಗಳಲ್ಲಿ ಅಮೆರಿಕ, ಕೆನಡಾಗಳ ಐದು ಕೋಟಿ ಜನ ವಿದ್ಯುತ್ತಿಲ್ಲದೆ ಉಳಿದರು. ತೊಂದರೆಯಾದಾಗ ಮಾತ್ರ ಕೂಗುವ ಕಾವಲುಗಾರನಿಗಿಂತ, ಗಳಿಗೆಗೊಮ್ಮೆ “ಇದ್ದೇನೆ” ಎನ್ನುವ ಕಾವಲುಗಾರ ಲೇಸು. ಅವನ ಮೌನವೇ ಆಗ ಕರೆಗಂಟೆಯಾಗುತ್ತದೆ.

ಇನ್ನು, ಸುದ್ದಿಯ ವೇಗಕ್ಕಿಂತ ಬೀಳುವ ವೇಗವೇ ಹೆಚ್ಚಾಗಿದ್ದರೆ? ಆಗ ಜಾಣ್ಮೆಯನ್ನು ಆಚೆಯ ತುದಿಯಲ್ಲೇ ಇಡಬೇಕು. ಚಂದ್ರನಿಗೆ ಸುದ್ದಿ ಹೋಗಿ ಬರಲು ಎರಡೂವರೆ ಸೆಕೆಂಡು ಬೇಕು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯುವಾಗ ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿದ್ದವರು ಬಹುಮಟ್ಟಿಗೆ ನೋಡುತ್ತ ಕುಳಿತಿದ್ದರು. ಎತ್ತರವನ್ನು ಅಳೆದು, ಎಂಜಿನುಗಳನ್ನು ತಿದ್ದಿ, ನೆಲವನ್ನು ಆರಿಸಿದ್ದು ನೌಕೆಯೇ.

ಅದೇ ವರ್ಷದ ಜುಲೈನಲ್ಲಿ, 1977ರಲ್ಲಿ ಹೊರಟ ವಾಯೇಜರ್-2 ನೌಕೆಗೆ ಹೋದ ಆಜ್ಞೆಯೊಂದರಿಂದ ಅದರ ಆಂಟೆನಾ ಭೂಮಿಯಿಂದ ಎರಡು ಡಿಗ್ರಿ ಪಕ್ಕಕ್ಕೆ ತಿರುಗಿ ಸಂಪರ್ಕ ಕಡಿಯಿತು. ನೌಕೆ ಆಗ ಇದ್ದದ್ದು ಸುಮಾರು 1,990 ಕೋಟಿ ಕಿಲೋಮೀಟರು ದೂರದಲ್ಲಿ. ಆಸ್ಟ್ರೇಲಿಯದ ಕ್ಯಾನ್‌ಬೆರಾ ಕೇಂದ್ರದಿಂದ ಹೊರಟ ಬಲವಾದ ಕೂಗು ಅಲ್ಲಿ ಮುಟ್ಟಲು ಹದಿನೆಂಟೂವರೆ ಗಂಟೆ ಬೇಕಾಯಿತು. ಉತ್ತರಕ್ಕೆ ಅಷ್ಟೇ ಹೊತ್ತು. ಆಗಸ್ಟ್ 4ರಂದು ಉತ್ತರ ಬಂದಿತು. ಆ ಕೂಗು ತಲುಪದಿದ್ದರೂ ಆಸೆ ಬಿಡಬೇಕಾಗಿರಲಿಲ್ಲ. ವರ್ಷಕ್ಕೆ ಹಲವು ಸಲ ತಾನಾಗಿಯೇ ಭೂಮಿಯ ಕಡೆಗೆ ಮುಖ ತಿರುಗಿಸಿಕೊಳ್ಳಬೇಕೆಂಬ ಕಟ್ಟಳೆ ನೌಕೆಯಲ್ಲಿತ್ತು. ಅಕ್ಟೋಬರ್ 15ರಂದು ಅದರ ಸರದಿಯಿತ್ತು. ಸಂಪರ್ಕ ಕಡಿಯುವ ದಿನ ಬರುತ್ತದೆಂದು ಮೊದಲೇ ಒಪ್ಪಿಕೊಂಡು ಮಾಡಿದ ಏರ್ಪಾಡು ಅದು.

ಇಂದು ನೀರಿನ ಪಂಪು, ಆಸ್ಪತ್ರೆಯ ಉಪಕರಣ, ಮನೆಯ ವಿದ್ಯುತ್ ಮಾಪಕ, ಎಲ್ಲವೂ ಜಾಲಕ್ಕೆ ಸೇರುತ್ತಿವೆ. ಇವನ್ನು ಮಾರುವವರು ಸಂಪರ್ಕ ಎಷ್ಟು ಗಟ್ಟಿ, ಎಷ್ಟು ವೇಗ ಎಂದು ವರ್ಣಿಸುತ್ತಾರೆ. ಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳು ಬೇರೆ. ಸಂಪರ್ಕ ತಪ್ಪಿದ ಗಳಿಗೆಯಲ್ಲಿ ಈ ಯಂತ್ರ ಏನು ಮಾಡುತ್ತದೆ? ತಪ್ಪಿದೆಯೆಂಬುದು ನಮಗೆ ಎಷ್ಟು ಹೊತ್ತಿನೊಳಗೆ ತಿಳಿಯುತ್ತದೆ? ಈ ಎರಡಕ್ಕೂ ಬರಹದಲ್ಲಿ ಉತ್ತರ ಸಿಕ್ಕಿದ ಮೇಲೆ ಬೆಲೆಯ ಮಾತು ಆಡಬಹುದು.