ಕೂಡಲೂರು ಎಂಬ ಹರಿಹರ

ದಾವಣಗೆರೆಯಿಂದ ಹರಿಹರಕ್ಕೆ 14 ಕಿಲೋಮೀಟರು. ಬೆಣ್ಣೆದೋಸೆಯ ರುಚಿ ನಾಲಗೆಯಿಂದ ಮಾಸುವ ಮುನ್ನವೇ ಊರು ಬಂದುಬಿಡುತ್ತದೆ. ಹತ್ತಿರವಿರುವುದೇ ಅದರ ದುರದೃಷ್ಟವೋ ಏನೋ! ಹುಬ್ಬಳ್ಳಿಯ ಕಡೆಗೆ ಸಾಗುವ ರೈಲಿನ ಕಿಟಕಿಯಿಂದಲೇ ತುಂಗಭದ್ರೆಗೆ ಕೈಮುಗಿದು ಮುಂದೆ ಹೋಗುವವರು ಬಹಳ. ಇಲ್ಲಿ ಇಳಿದು ಒಂದು ಹಗಲು ಕಳೆಯುವವರು ಕಡಮೆ.

ಮಧ್ಯ ಯೂರೋಪಿನ ಚೆಕ್ ದೇಶದಲ್ಲಿ, ವ್ಲ್ತಾವಾ ನದಿಯ ತಿರುವಿನಲ್ಲಿ, ಚೆಸ್ಕಿ ಕ್ರುಮ್ಲೋವ್ ಎಂಬ ಪುಟ್ಟ ಪಟ್ಟಣವಿದೆ. ಅಲ್ಲಿಯ ಕೋಟೆಯ ಹೆಸರು ದಾಖಲೆಯಲ್ಲಿ ಮೊದಲು ಕಾಣಿಸುವುದು 1253ರಲ್ಲಿ. ವಿಶ್ವಪರಂಪರೆಯ ಪಟ್ಟಿಗೆ 1992ರಲ್ಲಿ ಸೇರಿದ ಆ ಊರನ್ನು ನೋಡಲು ನಾನಾ ದೇಶಗಳ ಜನ ಸಾಲುಗಟ್ಟುತ್ತಾರೆ. ಆ ಕೋಟೆಯ ಹೆಸರು ಕೇಳಿಬರುವುದಕ್ಕೆ ಸುಮಾರು 30 ವರ್ಷ ಮೊದಲೇ, ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಳಾಳ್ವನು ನಮ್ಮ ಹೊಳೆಯ ದಡದಲ್ಲಿ ಹರಿಹರೇಶ್ವರನ ಗುಡಿಯನ್ನು ಕಟ್ಟಿಸಿದ್ದನು. ಅದು 1224ರ ಮಾತು. 1268ರಲ್ಲಿ ಇದಕ್ಕೆ ಮಹಾದ್ವಾರವನ್ನು ಸೇರಿಸಿದವನು ಸೋಮ ದಂಡನಾಯಕ. ಸೋಮನಾಥಪುರವನ್ನು ಕಟ್ಟಿಸಿದವನೂ ಇವನೇ. ಆ ಗುಡಿ 2023ರಲ್ಲಿ ವಿಶ್ವಪರಂಪರೆಯ ಗೌರವ ಪಡೆಯಿತು. ಹರಿಹರ ಇನ್ನೂ ನಮ್ಮವರ ಕಣ್ಣಿಗೇ ಸರಿಯಾಗಿ ಬಿದ್ದಿಲ್ಲ.

ಬೇಲೂರಿನ ಮದನಿಕೆಯರನ್ನು ನೆನೆದು ಬಂದವರಿಗೆ ಈ ಗುಡಿ ಮೊದಲ ನೋಟಕ್ಕೆ ಸಾದಾ ಎನಿಸೀತು. ಗೋಡೆಗಳಿಲ್ಲದ ವಿಶಾಲ ಮಂಟಪ, ಸುತ್ತಲೂ ತಗ್ಗಾದ ಜಗಲಿ, ಗಾಳಿಬೆಳಕಿಗೆ ಎಲ್ಲೆಡೆ ದಾರಿ. ಆದರೆ ಆ ಕಂಬಗಳನ್ನು ನೋಡಬೇಕು! ಚರಕಿಗೆ ಹಿಡಿದು ತಿರುಗಿಸಿದಂತೆ ದುಂಡಗೆ, ನುಣುಪಾಗಿ ನಿಂತಿವೆ. ಒಳಗೆ ಒಂದೇ ಮೂರ್ತಿಯಲ್ಲಿ ಇಬ್ಬರು ದೇವರು: ಬಲಭಾಗ ತ್ರಿಶೂಲಧಾರಿ ಹರ, ಎಡಭಾಗ ಚಕ್ರಧಾರಿ ಹರಿ. ಹರಿಯಿಂದಲೂ ಹರನಿಂದಲೂ ಸಾವಿಲ್ಲವೆಂಬ ವರ ಪಡೆದು ಮೆರೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದಾದರೆಂಬುದು ಸ್ಥಳಪುರಾಣ. ಶೈವ-ವೈಷ್ಣವರ ವಾಗ್ವಾದಗಳು ನಡೆದ ನಾಡಿನಲ್ಲಿ ಆ ಕಥೆಗೆ ಎಂಥ ಅರ್ಥವಿತ್ತೆಂಬುದನ್ನು ವಿವರಿಸಬೇಕಾಗಿಲ್ಲ.

ಊರಿನ ಹಳೆಯ ಹೆಸರು ಕೂಡಲೂರು. ಸೂಳೆಕೆರೆಯಿಂದ ಹರಿದುಬರುವ ಹರಿದ್ರಾ ನದಿ ತುಂಗಭದ್ರೆಯನ್ನು ಇಲ್ಲಿ ಕೂಡುತ್ತದೆ. ಕೂಡುವುದೇ ಈ ಊರಿನ ಸ್ವಭಾವವೆಂದು ತೋರುತ್ತದೆ. 1956ಕ್ಕೆ ಮುಂಚೆ ಈ ದಡ ಮೈಸೂರಿನದು, ಆ ದಡ ಮುಂಬಯಿ ಪ್ರಾಂತದ್ದು. ಮಾತು ಮಾತ್ರ ಎರಡೂ ಕಡೆ ಕನ್ನಡವೇ. ಆ ವರ್ಷದ ನವೆಂಬರ್ 1ರಂದು ಗಡಿ ಅಳಿಸಿತು. ಹೊಳೆ ಮತ್ತೆ ಬರಿಯ ಹೊಳೆಯಾಯಿತು.

ಇನ್ನೊಂದು ಸೋಜಿಗ. ಹೊಯ್ಸಳರ ಶಿಲ್ಪಿಗಳು ಕಲ್ಲನ್ನು ಚರಕಿ ಹಿಡಿದ ಈ ಊರಿನಲ್ಲೇ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿ, ಲೋಹವನ್ನು ಚರಕಿ ಹಿಡಿಯುವ ಲೇಥ್ ಯಂತ್ರಗಳನ್ನು ತಯಾರಿಸಿತು. ಎಷ್ಟೋ ಸಂಸಾರಗಳಿಗೆ ಅನ್ನವಿತ್ತ ಆ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚಿತು. ಸುಮಾರು ಎಂಟುನೂರು ವರ್ಷ ಹಿಂದಿನ ಕೈಗೆಲಸ ನಿಂತಿದೆ. ಅರುವತ್ತು ವರ್ಷದ ಯಂತ್ರದ ಸದ್ದು ಅಡಗಿದೆ.

ಗುಡಿಗೆ ಪುರಾತತ್ತ್ವ ಇಲಾಖೆಯ ಕಾವಲಿದೆ. ಹೊಳೆಗೆ ಕಾವಲು ಯಾರು? ಎದುರು ದಡದ ಕುಮಾರಪಟ್ಟಣದ ಕಾರ್ಖಾನೆಯ ತ್ಯಾಜ್ಯದಿಂದ ನೀರು ಕೆಡುತ್ತಿದೆಯೆಂದು 1980ರ ದಶಕದಲ್ಲಿ ಹಳ್ಳಿಗರು ಚಳವಳಿ ಹೂಡಿದ್ದರು. ಊರುಗಳ ಕೊಚ್ಚೆಯನ್ನು ಹೊಳೆಗೆ ಬಿಡುವುದಾದರೋ ಒಬ್ಬರ ತಪ್ಪಲ್ಲ, ನಮ್ಮೆಲ್ಲರದು. ಗಂಗಾಸ್ನಾನ ತುಂಗಾಪಾನವೆಂದು ಹಿರಿಯರು ಹೇಳಿದ ನೀರನ್ನು ಬೊಗಸೆಯಲ್ಲಿ ಎತ್ತಿಕೊಂಡವನು ಇಂದು ಬಾಯಿಗಿಡುವ ಮೊದಲು ಒಂದು ಕ್ಷಣ ಅನುಮಾನಿಸುತ್ತಾನೆ.

ವಾಚಕರೇ, ಈ ಊರಿಗೆ ಹೋದಾಗ ದೇವರ ದರ್ಶನ ಮಾಡಿ ಹಿಂದಿರುಗಬೇಡಿ. ಸಂಜೆಯ ಹೊತ್ತು ಹೊಳೆಯ ಮೆಟ್ಟಿಲ ಮೇಲೆ ಅರ್ಧಗಂಟೆ ಕುಳಿತುಕೊಳ್ಳಿ. ಹರಿ ಹರರನ್ನು ಕೂಡಿಸಿದವರು, ಎರಡು ನದಿಗಳ ಕೂಡಲಿನಲ್ಲಿ ಗುಡಿ ಕಟ್ಟಿದವರು ನಮಗೆ ಬಿಟ್ಟುಹೋದದ್ದು ಬರಿಯ ಕಲ್ಲಲ್ಲ, ನೀರು ಕೂಡ. ಕಲ್ಲನ್ನು ಉಳಿಸಿ ನೀರನ್ನು ಕಳೆದುಕೊಂಡರೆ, ಕೂಡಲೂರಿನಲ್ಲಿ ಕೂಡುವುದಕ್ಕೆ ಏನು ಉಳಿದೀತು?