ಹಾಡು ಕಲಿಯುವ ಉಮೇದುವಾರರು



ಗಿರಣಿಯ ಕಚೇರಿಯಲ್ಲಿ ಕಾಯಂ ಆಗುವ ಮೊದಲು ನಾನು ಕೆಲವು ತಿಂಗಳು ಪಗಾರವಿಲ್ಲದ ಉಮೇದುವಾರನಾಗಿದ್ದೆ. ಇಂದಲ್ಲ ನಾಳೆ ಕೆಲಸವಾದೀತೆಂಬ ಆಸೆಯೇ ಆಗಿನ ಪಗಾರ. ಆದುದರಿಂದಲೇ ‘ಶೈನ್’ ಎಂಬ ಇಂಗ್ಲಿಷ್ ಕಾದಂಬರಿ ನನ್ನ ಮನಸ್ಸಿಗೆ ನಾಟಿತು.

2020ರಲ್ಲಿ ಹೊರಬಂದ ಈ ಪುಸ್ತಕವನ್ನು ಬರೆದವರು ಜೆಸಿಕಾ ಜಂಗ್. ದಕ್ಷಿಣ ಕೊರಿಯಾದ ‘ಗರ್ಲ್ಸ್ ಜನರೇಷನ್’ ಎಂಬ ಗಾಯಕಿಯರ ಮೇಳದಲ್ಲಿ 2007ರಿಂದ 2014ರವರೆಗೆ ಹಾಡಿದವರು. ಕಥೆಯ ನಾಯಕಿ ರೇಚಲ್ ಕಿಮ್‌ಗೆ 17 ವರ್ಷ. ಆರು ವರ್ಷಗಳ ಹಿಂದೆಯೇ ಸಿಯೋಲ್ ನಗರದ ಸಂಗೀತ ಕಂಪನಿಯೊಂದು ಅವಳನ್ನು ಆರಿಸಿಕೊಂಡಿದೆ. ಅಂದಿನಿಂದ ಹಾಡು, ಕುಣಿತಗಳ ತಾಲೀಮು. ಯಾರನ್ನೂ ಪ್ರೀತಿಸಕೂಡದೆಂಬ ಕಟ್ಟಳೆ ಬೇರೆ. ಇಷ್ಟಾದರೂ ರಂಗವೇರುವ ಭರವಸೆಯಿಲ್ಲ.

ಹನ್ನೊಂದರ ವಯಸ್ಸೆಂದರೆ ಪುಣೆಯ ಕನ್ನಡಿಗರಿಗೆ ಪಂಡಿತ ಭೀಮಸೇನ ಜೋಶಿಯವರು ನೆನಪಾಗುವರು. 1933ರಲ್ಲಿ, ಅದೇ ವಯಸ್ಸಿನಲ್ಲಿ, ಅವರು ಗದಗಿನ ಮನೆ ಬಿಟ್ಟು ಗುರುವನ್ನರಸಿ ಹೊರಟರು. ಟಿಕೀಟಿಗೆ ಹಣವಿಲ್ಲದೆ ರೈಲಿನಲ್ಲಿ ಹಾಡುತ್ತ ಗ್ವಾಲಿಯರ್, ಕಲ್ಕತ್ತೆ, ಜಾಲಂಧರಗಳವರೆಗೆ ಅಲೆದರೆಂದು ಹೇಳುತ್ತಾರೆ. ಕೊನೆಗೆ ಗುರು ಸಿಕ್ಕಿದ್ದು ಊರ ಸಮೀಪದ ಕುಂದಗೋಳದಲ್ಲಿಯೇ! 1936ರಲ್ಲಿ ಸವಾಯಿ ಗಂಧರ್ವರು ಅವರನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಅಲ್ಲಿಯೂ ಮೊದಲು ನೀರು ಹೊರುವುದು, ಮನೆಗೆಲಸ. ಬಳಿಕ ವರ್ಷಗಟ್ಟಲೆ ಸಾಧನೆ. ಆ ಗುರುಗಳ ಸ್ಮರಣೆಗಾಗಿ 1953ರಲ್ಲಿ ಪುಣೆಯಲ್ಲಿ ಆರಂಭವಾದ ಸಂಗೀತೋತ್ಸವವನ್ನು ಶಿಷ್ಯರೇ ಮುಂದೆ ನಿಂತು ಬೆಳೆಸಿದರು.

ಕಷ್ಟ ಎರಡೂ ಕಡೆಗಿದೆ. ಆದರೆ ಗುರುಮನೆಯ ಕಲಿಕೆ ನಂಬಿಕೆಯ ಮೇಲೆ, ಕಂಪನಿಯ ಕಲಿಕೆ ಕರಾರಿನ ಮೇಲೆ. 2009ರಲ್ಲಿ ಕೊರಿಯಾದ ಮೂವರು ಪ್ರಸಿದ್ಧ ಗಾಯಕರು ತಮ್ಮ 13 ವರ್ಷಗಳ ಕರಾರಿನ ವಿರುದ್ಧ ಕೋರ್ಟಿಗೆ ಹೋದರು. ಅದೇ ವರ್ಷ ಅಲ್ಲಿನ ಸರಕಾರಿ ಆಯೋಗವು 7 ವರ್ಷದ ಮಿತಿಯುಳ್ಳ ಮಾದರಿ ಕರಾರನ್ನು ಹೊರಡಿಸಿತು.

ಇದು ದೂರದ ಮಾತಲ್ಲ. ನಮ್ಮ ಮಕ್ಕಳೂ ಟಿವಿಯ ಹಾಡಿನ ಸ್ಪರ್ಧೆಗಳಿಗೆ ಆಸೆಪಡುತ್ತಾರೆ. ನಮ್ಮ ದೇಶದ 2017ರ ನಿಯಮದಂತೆ 14 ತುಂಬದ ಬಾಲಕಲಾವಿದರನ್ನು ದಿನಕ್ಕೆ 5 ತಾಸಿಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ 3 ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ. ಜಿಲ್ಲಾಧಿಕಾರಿಗಳ ಅನುಮತಿ ಬೇಕು. ಗಳಿಕೆಯಲ್ಲಿ ಕನಿಷ್ಠ ಶೇಕಡಾ 20ರಷ್ಟನ್ನು ಮಗುವಿನ ಹೆಸರಿನಲ್ಲಿಯೇ ರಾಷ್ಟ್ರೀಕೃತ ಬ್ಯಾಂಕಿನ ಮುದ್ದತು ಠೇವಣಿಗೆ ಹಾಕಬೇಕು. ಆದರೆ 14 ದಾಟಿದವರಿಗೆ ಈ ನಿಯಮದ ಕಾವಲಿಲ್ಲ. ರೇಚಲ್‌ಳ ವಯಸ್ಸೇ ಅದು!

ಆಗ ತಂದೆತಾಯಿಗಳೇ ಕಾವಲು. ಸಹಿ ಹಾಕುವ ಮುನ್ನ ನಾಲ್ಕು ಮಾತು ಕೇಳಿರಿ: ಎಷ್ಟು ವರ್ಷದ ಕರಾರು? ಕಲಿಕೆಯ ಖರ್ಚು ಯಾರದು? ಶಾಲೆಯ ಗತಿಯೇನು? ನಡುವೆ ಬಿಟ್ಟರೆ ದಂಡವೆಷ್ಟು? ಹಾಡುವುದು ನಮ್ಮಿಂದಾಗದಿದ್ದರೂ ಕಾಗದ ಓದುವುದು ಗುಮಾಸ್ತರಾದ ನಮಗೆ ಗೊತ್ತು. ಅಂಥ ಕಾಗದವಿದ್ದರೆ ವಾಚನಾಲಯಕ್ಕೆ ತನ್ನಿರಿ, ಕೂಡಿ ಓದೋಣ.